ಒಂಬತ್ತು ಸಾವಿರ ಹಾಳಿ

"ಒಂಬತ್ತು ಸಾವಿರ ಹಾಳಿ! ಇಷ್ಟೂ ಝೆರಾಕ್ಸ್ ಹೊಡಕೋತ ಕುಂತ್ರ ಕಾಲುವಿ ಕೆಲಸ ಮಾಡೋರು ಯಾರು? 'ವಿಪರೀತ ಕೋರಿಕೆ, ನಿರಾಕರಿಸಲಾಗಿದೆ' ಅಂತ ಬರೀರಿ ದೇವಕಮ್ಮ." ನೀರಾವರಿ ಕಚೇರಿಯ ಮಹಾದೇವಪ್ಪ ಸಾಹೇಬರು ಮಾಹಿತಿ ಹಕ್ಕಿನ ಅರ್ಜಿಯನ್ನು ಟೈಪಿಸ್ಟ್ ದೇವಕಮ್ಮನ ಮೇಜಿನ ಮೇಲೆ ಎಸೆದರು.

ಅರ್ಜಿದಾರಳು ಎದುರಿಗೇ ನಿಂತಿದ್ದಳು. ಗುರುಲಿಂಗಮ್ಮ. ಹೆಗಲಿಗೆ ಕಂಬಳಿ, ಬಗಲಲ್ಲಿ ಬಟ್ಟೆಯ ಚೀಲ. ಅವಳ ಹೊಲ ಕಾಲುವೆಯ ಕೊನೆಯ ತೂಬಿನ ಕೆಳಗೆ. ಹೂಳು ತುಂಬಿ ಅಲ್ಲಿಗೆ ಹನಿ ನೀರೂ ಬರುತ್ತಿಲ್ಲ ಎಂಬುದು ಅವಳ ಮಾತು. ಹೋದ ವರ್ಷ ಪೂರಾ ನೀರು ಹರಿದಿದೆ ಎಂಬುದು ಕಚೇರಿಯ ಮಾತು. ಹಾಗಾಗಿ ಹೂಳೆತ್ತುವ ಪಟ್ಟಿಯಲ್ಲಿ ಆ ತೂಬು ಇಲ್ಲ. ಪಟ್ಟಿಗೆ ಐದು ಗಂಟೆಗೆ ಸಾಹೇಬರ ಸಹಿ ಬಿದ್ದು ಮೇಲಿನ ಕಚೇರಿಗೆ ಹೋಗುತ್ತದೆ. ಈಗ ನಾಲ್ಕೂಕಾಲು.

ಟೈಪು ಮಾಡುತ್ತಿದ್ದ ದೇವಕಮ್ಮನ ಬೆರಳುಗಳು ನಿಂತವು. ಈಕೆ ಮೊದಲು ಇಷ್ಟೆಲ್ಲ ಕೇಳಿರಲಿಲ್ಲ. ನಾಲ್ಕು ಸಲ ಕಾಲುವೆ ನೀರಿನ ದಿನದ ಅಳತೆಯ ಒಂದೇ ಒಂದು ಹಾಳೆ ಕೇಳಿದ್ದಳು. ನಾಲ್ಕು ಸಲವೂ 'ಕೋರಿದ ನಮೂನೆಯಲ್ಲಿ ಮಾಹಿತಿ ಲಭ್ಯವಿಲ್ಲ' ಎಂದು ಉತ್ತರ ಟೈಪು ಮಾಡಿದವಳು ತಾನೇ. ಐದನೆಯ ಸಲ ಊರ ಮಾಸ್ತರರು ರೋಸಿಹೋಗಿ, ಹತ್ತು ವರ್ಷದ ಎಲ್ಲ ದಾಖಲೆ ಬೇಕೆಂದು ಬರೆದುಕೊಟ್ಟಿದ್ದರು.

"ಸಾಹೇಬ್ರ..." ಅವಳ ದನಿ ನಡುಗಿತು. "ಹಾಳಿ ಭಾಳ ಅದಾವ, ನಕಲು ಕೊಡಾಕ ಆಗಲ್ಲ ಅನ್ನಬಹುದ್ರಿ. ಆದ್ರ ಇಲ್ಲೇ ಕುಂತು ನೋಡ್ತೀನಿ ಅಂದ್ರ ಬ್ಯಾಡ ಅನ್ನಾಕ ಬರಂಗಿಲ್ರಿ."

"ವಕೀಲಿ ಯಾವಾಗ ಕಲ್ತ್ರಿ? ನೋಡ್ಲಿ ಬಿಡ್ರಿ. ಆಕಿಗೆ ಓದಾಕ ಎಲ್ಲಿ ಬರ್ತದ!"

"ನನಗ ಒಂದ ಹಾಳಿ ಸಾಕ್ರಿ ಸಾಹೇಬ್ರ," ಎಂದಳು ಗುರುಲಿಂಗಮ್ಮ. "ಉಳಿದದ್ದು ನಿಮ್ಮ ಕಪಾಟಿನ ಇಲಿಗೆ ಇರ್ಲಿ. ಹೋದ ವರ್ಷ ನವೆಂಬರ್ ಹನ್ನೆರಡು ತೆಗೀರಿ, ಅಕ್ಕಾರ."

ದೇವಕಮ್ಮ ಕಪಾಟಿನತ್ತ ಓಡಿದಳು. ಒಂದು ಕಟ್ಟು, ಎರಡು ಕಟ್ಟು, ಧೂಳಿಗೆ ಸೀನು. ಮೂರನೆಯದರಲ್ಲಿ ಸಿಕ್ಕಿತು! ಸಾಲಿನ ಮೇಲೆ ಬೆರಳಿಟ್ಟು ಓದಿದಳು.

"ನವೆಂಬರ್ ಹನ್ನೆರಡು. ಕೊನೆಯ ತೂಬಿನ ಬಳಿ ಕಾಲುವೆಯಲ್ಲಿ ನೀರು ಎರಡು ಅಡಿ."

"ಜೋರಾಗಿ ಓದ್ರಿ. ಸಾಹೇಬ್ರಿಗೂ ಕೇಳ್ಲಿ."

ದೇವಕಮ್ಮ ಇನ್ನೊಮ್ಮೆ ಓದಿದಳು. ಈ ಸಲ ದನಿ ನಡುಗಲಿಲ್ಲ. ಕೆಳಗಿದ್ದ ಸಾಹೇಬರ ಸಹಿಯನ್ನೂ ಸೇರಿಸಿ ಓದಿದಳು.

ಗುರುಲಿಂಗಮ್ಮ ಚೀಲದಿಂದ ಮಡಿಚಿದ ಒಂದು ಕಾಗದ ತೆಗೆದು ಆ ಹಾಳೆಯ ಪಕ್ಕಕ್ಕಿಟ್ಟಳು. ಇದೇ ಕಚೇರಿ ಅವಳಿಗೆ ಕಳಿಸಿದ ನೋಟಿಸು. ಅದೇ ಮೊಹರು, ಅದೇ ಸಹಿ. ಹೋದ ವರ್ಷ ನವೆಂಬರ್ ಹನ್ನೆರಡರಂದು ಕೊನೆಯ ತೂಬಿನ ಬಳಿ ಕಾಲುವೆಯ ಒಳಗೇ ಇನ್ನೂರು ಕುರಿ ಕೂಡಿಹಾಕಿದ್ದು ಅಪರಾಧ ಎಂದು ಅದರಲ್ಲಿತ್ತು.

ಸಾಹೇಬರು ಎರಡನ್ನೂ ಓದಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.

"ಹೇಳ್ರಿ ಸಾಹೇಬ್ರ," ಎಂದಳು ಗುರುಲಿಂಗಮ್ಮ, "ಅವತ್ತು ನನ್ನ ಕುರಿ ಈಸಾಡಾಕತ್ತಿದ್ವೇನ್ರಿ?"