ಕೆಂಪು ಗುಂಡಿ

ನನ್ನ ಮಗ ಮೌನೇಶ ಲೇತ್ ಯಂತ್ರಕ್ಕೆ ಸಿಕ್ಕಿ ತೀರಿಕೊಂಡನೆಂದು ತಿಳಿದ ದಿನವೇ ವರ್ಕ್‌ಶಾಪಿನ ಮಾಲೀಕರು ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದರು. ಕರೆಂಟ್ ಹೋದಾಗ ಸ್ವಿಚ್ ಆಫ್ ಮಾಡದೆ ಕೈಯಿಟ್ಟ, ಕರೆಂಟ್ ಬಂತು, ತಪ್ಪು ಅವನದೇ ಎಂದು.

ತಿಂಗಳಾದ ಮೇಲೆ ಅವರೇ ನನ್ನನ್ನು ಕರೆಸಿದರು. ಲೇತ್‌ಗೆ ನಿಂಬೆಹಣ್ಣು ಕಟ್ಟಿತ್ತು.

“ಆಚಾರ್ರೇ, ಆಫ್ ಮಾಡಿದ್ರೂ ಇದು ತಾನಾಗೇ ತಿರುಗುತ್ತೆ. ನಿಮ್ಮ ಮಗನೇ ತಿರುಗಿಸ್ತಾನೆ ಅಂತ ಯಾರೂ ಹತ್ರ ಹೋಗ್ತಿಲ್ಲ. ಮಂತ್ರವಾದಿ ದಿಗ್ಬಂಧನ ಮಾಡ್ತಾರೆ. ತಂದೆ ಒಪ್ಪಬೇಕಂತೆ.”

“ಒಪ್ಪಲ್ಲ. ಪಿಂಡ ಇಟ್ಟ ಕೂಡ್ಲೇ ಕಾಗೆ ಮುಟ್ಟಿದೆ. ನನ್ನ ಮಗ ದೆವ್ವ ಆಗಿಲ್ಲ. ಸ್ಕ್ರೂಡ್ರೈವರ್ ಕೊಡಿ.”

“ಈ ವಯಸ್ಸಲ್ಲಿ ಯಾಕೆ ಹಠ?”

“ಮೂವತ್ತು ವರ್ಷ ಮೋಟಾರು ಬಿಚ್ಚಿದ ಕೈ ಸ್ವಾಮಿ ಇದು.”

ಮೇನ್ ಸ್ವಿಚ್ ಆಫ್ ಮಾಡಿಸಿ, ಲೇತಿನ ಸ್ವಿಚ್ಚಿನ ಪೆಟ್ಟಿಗೆ ಬಿಚ್ಚಿದೆ. ಸ್ಪ್ರಿಂಗ್ ಸೋತಿತ್ತು. ಒಳಗಿನ ತಾಮ್ರದ ತುಂಡುಗಳು ಸುಟ್ಟು ಒಂದಕ್ಕೊಂದು ಅಂಟಿದ್ದವು. ಆಫ್ ಮಾಡುವ ಕೆಂಪು ಗುಂಡಿಯನ್ನು ಎಲ್ಲರೆದುರು ಒತ್ತಿದೆ. ತುಂಡುಗಳು ಬಿಡಲಿಲ್ಲ; ಆಫ್ ಮಾಡಿದರೂ ಕರೆಂಟ್ ಹರಿಯುವಂತಿತ್ತು.

“ಇಷ್ಟೇನಾ? ಹಾಗಾದ್ರೆ ದೆವ್ವ ಅಲ್ಲ,” ಎಂದು ಮಾಲೀಕರು ನಕ್ಕರು.

ಪಕ್ಕದ ಲೇತಿನ ರಂಗಪ್ಪ ಮೆಲ್ಲಗೆ ಕೇಳಿದ, “ಎಷ್ಟು ದಿನದಿಂದ ಹೀಗಿದೆ ಆಚಾರ್ರೇ?”

“ಇಷ್ಟು ಕರಕಲಾಗೋಕೆ ಆರು ತಿಂಗಳಾದ್ರೂ ಬೇಕಪ್ಪ.”

ಮಾಲೀಕರ ನಗು ನಿಂತಿತು. “ಸಾಕು, ಮುಚ್ಚಿಬಿಡಿ.”

“ಇನ್‌ಸ್ಪೆಕ್ಟರು ಬಂದು ನೋಡೋ ತನಕ ಮುಚ್ಚಲ್ಲ.”

ತೆರೆದ ಪೆಟ್ಟಿಗೆಯ ಮುಂದೆಯೇ ಕುಳಿತು ಕೈಮುಗಿದು, ಎಲ್ಲರಿಗೂ ಕೇಳುವಂತೆ ಹೇಳಿದೆ: “ಭಗವಂತ, ಸ್ವಿಚ್ ಆಫ್ ಮಾಡಿಯೇ ಕೈಯಿಟ್ಟ ನನ್ನ ಮಗನಿಗೆ ಶಾಂತಿ ಕೊಡು.”