ಬಿಳಿ ಹಾಳೆ ಅಂಟಿಸಿದ ಪಾಠ

ಈಗಲೂ ಗೋಂದಿನ ವಾಸನೆ ಬಂದರೆ ಗಿರಿನಗರದ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಆರನೇ ಕ್ಲಾಸಿನ ಸಮಾಜ ಪುಸ್ತಕದಲ್ಲಿದ್ದ ರೈತರ ದಂಗೆಯ ಪಾಠ ಹೊಸ ಸರ್ಕಾರಕ್ಕೆ ಹಿಡಿಸಿರಲಿಲ್ಲ. ಆದೇಶ ಬಂದಿದೆಯೆಂದು ಮಿಸ್ ನಮ್ಮ ಕೈಯಿಂದಲೇ ಅದರ ಮೇಲೆ ಬಿಳಿ ಹಾಳೆ ಅಂಟಿಸುವಂತೆ ಮಾಡಿದ್ದರು.

ಇತಿಹಾಸ ಕಲಿಸಿ ನಿವೃತ್ತರಾಗಿದ್ದ ಅಜ್ಜಿ ಆ ಪುಟವನ್ನು ಕುದಿಯುವ ನೀರಿನ ಹಬೆಗೆ ಹಿಡಿದು, ಮೆತ್ತಗಾದ ಹಾಳೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರು.

“ಮಿಸ್ ಬೈತಾರೆ ಅಜ್ಜಿ,” ಎಂದೆ.

“ಬೈಲಿ ಬಿಡೇ. ನಡೆದಿದ್ದು ನಡೆದಿದ್ದೇ. ಕೂತ್ಕೊಂಡು ಬಾಯಿಪಾಠ ಮಾಡು.”

ಮರುದಿನ ಕ್ಲಾಸಿನಲ್ಲಿ ಎದ್ದು ನಿಂತು ಆ ಪಾಠವನ್ನು ಹೇಳತೊಡಗಿದೆ. ಮಿಸ್ ನನ್ನನ್ನೇ ನೋಡಿದರು. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ಜೋರಾಗಿ ಹೇಳು,” ಎಂದರು. “ಹಿಂದಿನ ಬೆಂಚಿಗೂ ಕೇಳಿಸ್ಲಿ.”