ಬೆಂಚಿನ ಮೇಲಿನ ಬರಹ

ಆ ಶಾಲೆಯಲ್ಲಿ ಮಕ್ಕಳು ಕುಳಿತೊಡನೆ, ಮೇಷ್ಟರಿಂದ ಅವರು ಬಯಸುವುದು ಬೆಂಚಿನ ಮೇಲೆ ತಾನಾಗಿ ಮೂಡುತ್ತಿತ್ತು. ವಿಜ್ಞಾನದ ತಿಪ್ಪೇಶಪ್ಪ ಮೇಷ್ಟರು ಎಂದಿನಂತೆ ಹೊಗಳಿಕೆ ಹುಡುಕುತ್ತ ನಡೆದರು. ‘ಹಳೇ ಜೋಕು ಬೇಡ’ ಎಂಬುದು ದಿನಾ ಇದ್ದದ್ದೇ. ವರ್ಷವಿಡೀ ತುಟಿ ತೆರೆಯದ ಭೂಮಿಕಾಳ ಬೆಂಚಿನಲ್ಲಿ ಮಾತ್ರ ಹೊಸದೊಂದಿತ್ತು: ‘ಪ್ರಶ್ನೆ ಕೇಳಿ ಸ್ವಲ್ಪ ಕಾಯಲಿ.’

ಇಪ್ಪತ್ತು ವರ್ಷ ಪ್ರಶ್ನೆ, ಉತ್ತರ ಎರಡನ್ನೂ ತಾವೇ ಹೇಳಿ, ಮಕ್ಕಳು ಮಂಕೆಂದು ಮರುಗಿದ್ದು ನೆನೆದು ಮೇಷ್ಟರಿಗೆ ತಮ್ಮ ಮೇಲೇ ನಗು ಬಂತು.

“ಸಂಜೆ ನೆರಳು ಯಾಕೆ ಉದ್ದ ಆಗುತ್ತೆ?” ಎಂದು ಕೇಳಿ ಸುಮ್ಮನೆ ನಿಂತರು.

“ಸಾರ್, ಹುಷಾರಿಲ್ವಾ?” ಎಂದ ಹಿಂದಿನ ಬೆಂಚಿನ ಓಂಕಾರಿ.

“ಸುಮ್ನಿರೋ, ಕಾಯ್ತಿದಾರೆ,” ಎಂದು ಭೂಮಿಕಾ ಎದ್ದಳು. “ಸೂರ್ಯ ಕೆಳಗಿಳೀತಾನಲ್ಲ ಸಾರ್, ಅದಕ್ಕೆ.”

ಅವಳ ಬೆಂಚಿನ ಅಕ್ಷರಗಳು ಮಾಸತೊಡಗಿದವು. ಇನ್ನಷ್ಟು ವಿವರಿಸಲು ಮೇಷ್ಟರು ಬಾಯಿ ತೆರೆದರು. ಅಕ್ಷರಗಳು ಮತ್ತೆ ಕಪ್ಪಾದವು. ಮೇಷ್ಟರು ಬಾಯಿ ಮುಚ್ಚಿದರು.